ಕಲ್ಲು, ಸೀಸ, ಪರದೆ: ಅಕ್ಷರಕ್ಕೆ ಜಾಗ ಹೊಂದಿಸಿದ ಕಥೆ

ಕೋಲಾರದಲ್ಲಿ 'ಬಾಕ್ಸ್' ಎಂದರೆ ಬೇರೆ ವಿವರಣೆ ಬೇಕಿಲ್ಲ. ಅದು ಟೊಮೆಟೊ ಬಾಕ್ಸ್. 15 ಕೆ.ಜಿ. ಹಿಡಿಯುವ ಈ ಪೆಟ್ಟಿಗೆಯೇ ಇಲ್ಲಿನ ಮಾರುಕಟ್ಟೆಯ ಅಳತೆ, ಹರಾಜಿನ ಲೆಕ್ಕ, ರೈತನ ಸುಖದುಃಖದ ಮಾಪಕ. 2023ರ ಜುಲೈನಲ್ಲಿ ಇದೇ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ಕೋಲಾರದ ಹೆಸರು ದೇಶದ ಪತ್ರಿಕೆಗಳ ಮುಖಪುಟದಲ್ಲಿತ್ತು. ಬೆಲೆ ಕುಸಿದ ವರ್ಷಗಳಲ್ಲಿ ಇದೇ ಬಾಕ್ಸನ್ನು ರಸ್ತೆ ಬದಿಯಲ್ಲಿ ಸುರಿದು ಹೋದದ್ದೂ ಉಂಟು.

ಕೆಲವು ತಿಂಗಳ ಹಿಂದೆ ಈ ವರದಿಗಾರ ಮಾರುಕಟ್ಟೆಯ ಅಂಗಳದಲ್ಲಿ ನಿಂತಿದ್ದಾಗ ಮುಳಬಾಗಿಲು ಕಡೆಯ ರೈತರೊಬ್ಬರು ಮೊಬೈಲು ಮುಂದೆ ಹಿಡಿದು, 'ಸ್ವಲ್ಪ ನೋಡಪ್ಪ, ಇವತ್ತಿನ ರೇಟು ಇದೇನಾ?' ಎಂದು ಕೇಳಿದರು. ಪರದೆಯ ಮೇಲೆ ಬೆಲೆಯ ಪಟ್ಟಿ ಇತ್ತು. ಮಾರುಕಟ್ಟೆಯ ಹೆಸರು, ಸರಕಿನ ಹೆಸರು, ಕನಿಷ್ಠ ಬೆಲೆ, ಗರಿಷ್ಠ ಬೆಲೆ. ಅಲ್ಲಿಗೆ ಪರದೆ ಮುಗಿದಿತ್ತು. ಆದರೆ ಪಟ್ಟಿ ಮುಗಿದಿರಲಿಲ್ಲ. ಹೆಚ್ಚಿನ ಸರಕು ಯಾವ ಬೆಲೆಗೆ ಹೋಯಿತು ಎಂದು ಹೇಳುವ ಕೊನೆಯ ಕಾಲಂ ಪರದೆಯ ಬಲ ಅಂಚಿನಾಚೆ ಅಡಗಿತ್ತು. ಬೆರಳಿನಿಂದ ಪಕ್ಕಕ್ಕೆ ಎಳೆದರೆ ಕಾಣುತ್ತಿತ್ತು. ಎಳೆಯಬೇಕೆಂಬ ಸೂಚನೆ ಎಲ್ಲಿಯೂ ಇರಲಿಲ್ಲ. ಅವರು ಗರಿಷ್ಠ ಬೆಲೆಯನ್ನೇ ಅಂದಿನ ಬೆಲೆ ಎಂದು ಎಣಿಸಿಕೊಂಡು, ತಮಗೆ ಬಂದ ಮೊತ್ತದಲ್ಲಿ ಮೋಸವಾಗಿದೆ ಎಂದು ಮಂಡಿಯವರೊಂದಿಗೆ ಜಗಳಕ್ಕೆ ಹೊರಟಿದ್ದರು.

ತಪ್ಪು ರೈತರದಲ್ಲ, ಮಂಡಿಯವರದೂ ಅಲ್ಲ. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿಗೆ ಅಳತೆ ತೆಗೆದು ಹೊಲಿದ ಪುಟವನ್ನು ಅಂಗೈಯಗಲದ ಪರದೆಗೆ ತೊಡಿಸಲಾಗಿತ್ತು, ಅಷ್ಟೆ. ಜಾಗ ಎಷ್ಟಿದೆಯೋ ಅಷ್ಟಕ್ಕೆ ಅಕ್ಷರವನ್ನು ಹೊಂದಿಸುವುದು ಹೇಗೆ ಎಂಬ ಈ ಪ್ರಶ್ನೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಕೋಲಾರದ ನೆಲದಲ್ಲೇ ಅದಕ್ಕೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಕಲ್ಲಿಗೆ ತಕ್ಕ ಸಾಲು

ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಅದು 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಹೀಗೆ ತಾಲ್ಲೂಕುವಾರು ವಿಂಗಡಿಸಿ ಶಾಸನಗಳಿಗೆ ಅಂಕಿ ಕೊಟ್ಟ ಕ್ರಮವನ್ನು ಸಂಶೋಧಕರು ಇಂದಿಗೂ ಉಪಯೋಗಿಸುತ್ತಾರೆ. ಆಗಿನ ಕೋಲಾರ ಜಿಲ್ಲೆ ಇಂದಿನದಕ್ಕಿಂತ ದೊಡ್ಡದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದ ಮೇಲೆ ಈ ಜಿಲ್ಲೆ ಚಿಕ್ಕದಾಯಿತು.

ಈ ನೆಲದ ಶಾಸನಗಳನ್ನು ಓದದಿದ್ದರೂ ಚಿಂತೆಯಿಲ್ಲ, ಸುಮ್ಮನೆ ನೋಡಿದರೂ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕೋಲಾರಮ್ಮನ ಗುಡಿಯಲ್ಲಿರುವ ಚೋಳರ ಕಾಲದ ತಮಿಳು ಬರಹಕ್ಕೆ ಗುಡಿಯ ಕಲ್ಲುಗಳೇ ಹಾಳೆ. ಗೋಡೆಯೋ ಅಡಿಪಾಯದ ಪಟ್ಟಿಕೆಯೋ ಸಿಕ್ಕಿದರೆ ಶಾಸನದ ಸಾಲು ಉದ್ದಕ್ಕೆ ಹರಿಯುತ್ತದೆ. ಆದರೆ ತುರುಗಾಳಗದಲ್ಲಿ ಮಡಿದವನ ವೀರಗಲ್ಲಿಗೆ ಬಂದರೆ ಲೆಕ್ಕ ಬೇರೆ. ಅಲ್ಲಿ ಮೊದಲ ಹಕ್ಕು ಚಿತ್ರಕ್ಕೆ. ಕತ್ತಿ ಹಿಡಿದ ವೀರ, ದನಗಳ ಸಾಲು, ಮೇಲೆ ಕರೆದೊಯ್ಯುವ ಅಪ್ಸರೆಯರು. ಅಕ್ಷರಕ್ಕೆ ಉಳಿಯುವುದು ಎರಡು ಚಿತ್ರಪಟ್ಟಿಗಳ ನಡುವಿನ ಕಿರಿದಾದ ಜಾಗ, ಇಲ್ಲವೆ ವೀರನ ತಲೆಯ ಸುತ್ತಲಿನ ಖಾಲಿ. ಕಲ್ಲುಕುಟಿಗ ಬೇಸರಿಸದೆ ಸಾಲನ್ನು ಮೊಟಕು ಮಾಡುತ್ತಾನೆ. ಪದಗಳ ನಡುವೆ ತೆರಪು ಬಿಡುವ ಪದ್ಧತಿ ಅಂದು ಇರಲಿಲ್ಲ. ಕಲ್ಲಿನ ಅಂಚು ಬಂತೆಂದರೆ ಯಾವ ಅಕ್ಷರದ ಬಳಿಯಾದರೂ ಪದವನ್ನು ಮುರಿದು ಕೆಳಗಿನ ಸಾಲಿಗೆ ಇಳಿಸುವುದೇ ರೂಢಿ. ಅಂದರೆ ಬರಹವೇ ಕಲ್ಲಿಗೆ ತಕ್ಕಂತೆ ಬಾಗುತ್ತಿತ್ತು.

ಮೊಳೆಯ ಕಾಲದ ಶಿಸ್ತು

ಅಚ್ಚುಮೊಳೆ ಬಂದ ಮೇಲೆ ಈ ಸ್ವಾತಂತ್ರ್ಯ ಹೋಯಿತು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಹೊರಬಂದಾಗ ಅದು ಇನ್ನೂ ಕಲ್ಲಚ್ಚಿನದು. ಕೈಬರಹವನ್ನೇ ಕಲ್ಲಿಗಿಳಿಸಿ ಮುದ್ರಿಸಿದ್ದು. ಮರುವರ್ಷ ಅದು 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಗಿ ಮೊಳೆಯ ಅಚ್ಚಿಗೆ ಬಂತು.

ಮೊಳೆ ಜೋಡಿಸುವ ಕೆಲಸ ಕಂಡವರು ಇಂದು ವಿರಳವಾಗುತ್ತಿರುವುದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಕಾಂಪೋಸಿಟರ್ ಕೈಯಲ್ಲಿ ಹಿಡಿದ ಕಡ್ಡಿಗೆ ಒಂದು ನಿಗದಿಯಾದ ಅಗಲವಿರುತ್ತಿತ್ತು. ಅಕ್ಷರ, ಕೊಂಬು, ಒತ್ತು ಒಂದೊಂದನ್ನೂ ಹುಡುಕಿ ಜೋಡಿಸಿ, ಸಾಲಿನ ಕೊನೆಯಲ್ಲಿ ಜಾಗ ಉಳಿದರೆ ಪದಗಳ ನಡುವೆ ಸೀಸದ ತೆಳು ತುಂಡುಗಳನ್ನು ಹಂಚಿ ತುಂಬಬೇಕು. ಜಾಗ ಸಾಲದಿದ್ದರೆ ತುಂಡುಗಳನ್ನು ತೆಗೆದು ಬಿಗಿ ಮಾಡಬೇಕು. ಎರಡು ಅಂಚೂ ಸಮನಾಗುವಂತೆ ಮಾಡುವ ಈ ಕ್ರಿಯೆಗೆ ಮುದ್ರಣಾಲಯದಲ್ಲಿ 'ಜಸ್ಟಿಫೈ' ಎಂದು ಹೆಸರು. ಕೊನೆಗೆ ಇಡೀ ಪುಟವನ್ನು ಕಬ್ಬಿಣದ ಚೌಕಟ್ಟಿನಲ್ಲಿಟ್ಟು ಸುತ್ತ ಮರದ ಪಟ್ಟಿ ಕೊಟ್ಟು ಬಿಗಿಯುತ್ತಿದ್ದರು. ಬಿಗಿದ ಮೇಲೆ ಅದು ಬಂಡೆ. ಒಂದು ಪದ ಸೇರಿಸಬೇಕೆಂದರೂ ಮತ್ತೆ ಬಿಚ್ಚಬೇಕು.

ಕನ್ನಡ ಪತ್ರಿಕೋದ್ಯಮಕ್ಕೆ ಮೌಲ್ಯ ತಂದುಕೊಟ್ಟ ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. 'ಜೀವನ' ಮಾಸಪತ್ರಿಕೆಯನ್ನು ನಡೆಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಹುಟ್ಟಿದ್ದು ಮಾಲೂರು ತಾಲ್ಲೂಕಿನಲ್ಲಿ. ಇಬ್ಬರೂ ಸೀಸದ ಮೊಳೆಯ ಕಾಲದ ಸಂಪಾದಕರು. ಅವರ ಕಾಲದಲ್ಲಿ ಪುಟ ಹೇಗೆ ಕಾಣಬೇಕೆಂಬುದು ಮುದ್ರಣಾಲಯದಲ್ಲೇ ತೀರ್ಮಾನವಾಗುತ್ತಿತ್ತು. ಕೋಲಾರದಲ್ಲಿ ಓದುವವರಿಗೂ ಮೈಸೂರಿನಲ್ಲಿ ಓದುವವರಿಗೂ ಸಾಲು ಮುರಿಯುತ್ತಿದ್ದುದು ಅದೇ ಪದದ ಬಳಿ.

ಅಳತೆ ಗೊತ್ತಿಲ್ಲದ ಹಾಳೆ

ವೆಬ್ ಎಂಬ ಮಾಧ್ಯಮ ತಲೆಕೆಳಗು ಮಾಡಿದ್ದು ಈ ಖಚಿತತೆಯನ್ನೇ. ಇಲ್ಲಿ ಪುಟ ಕಟ್ಟುವವನಿಗೆ ಹಾಳೆಯ ಅಗಲ ಗೊತ್ತಿಲ್ಲ. ಓದುಗನ ಪರದೆಯೇ ಹಾಳೆ. ಅದು ಕಚೇರಿಯ ದೊಡ್ಡ ಪರದೆಯೂ ಆಗಬಹುದು, ಜೇಬಿನ ಫೋನೂ ಆಗಬಹುದು.

1994ರ ಅಕ್ಟೋಬರ್‌ನಲ್ಲಿ ನಾರ್ವೆಯ ಹೋಕನ್ ವಿಯಂ ಲೀ ಎಂಬುವರು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದಾಗ, ಪುಟದ ವಿಷಯವನ್ನೂ ಅದರ ಅಲಂಕಾರವನ್ನೂ ಬೇರ್ಪಡಿಸುವ ಒಂದು ಪ್ರಸ್ತಾವ ಮುಂದಿಟ್ಟರು. ಅಕ್ಷರದ ಗಾತ್ರ, ಬಣ್ಣ, ಅಂಚು ಇತ್ಯಾದಿಗಳ ನಿಯಮವನ್ನು ಪ್ರತ್ಯೇಕವಾಗಿ ಬರೆದಿಡುವ ಈ ಪದ್ಧತಿಯೇ ಸಿ.ಎಸ್.ಎಸ್. ಅವರೂ ನೆದರ್ಲೆಂಡ್ಸ್‌ನ ಬರ್ಟ್ ಬೋಸ್ ಅವರೂ ಸೇರಿ ರೂಪಿಸಿದ ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲಿ ಅಧಿಕೃತವಾಯಿತು. ಅದೇ ವರ್ಷ ಯು.ಬಿ. ಪವನಜ ಅವರ 'ವಿಶ್ವಕನ್ನಡ' ಅಂತರಜಾಲದಲ್ಲಿ ಕಾಣಿಸಿಕೊಂಡು ಕನ್ನಡಕ್ಕೂ ಅಲ್ಲಿ ಮನೆ ಮಾಡಿತು.

ಆದರೆ ಆಗ ಕನ್ನಡಕ್ಕೆ ಪುಟದ ಅಗಲಕ್ಕಿಂತ ಅಕ್ಷರ ಮೂಡುವುದೇ ದೊಡ್ಡ ಚಿಂತೆಯಾಗಿತ್ತು. ಸರಿಯಾದ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಂಬುದು ಚಿತ್ರವಿಚಿತ್ರ ಗುರುತುಗಳ ಸಾಲಾಗುತ್ತಿತ್ತು. ಅದಕ್ಕೆ ಹೆದರಿ ಪುಟದ ಚಿತ್ರವನ್ನೇ ತೆಗೆದು ಹಾಕುವ ಪರಿಪಾಠವೂ ಇತ್ತು. ಚಿತ್ರವೆಂದರೆ ಮತ್ತೆ ಬಿಗಿದ ಚೌಕಟ್ಟು. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ನಂತರವೇ ಅದು ಸಾಮಾನ್ಯರ ಮೇಜಿಗೆ ಇಳಿಯತೊಡಗಿತು.

ಇತ್ತ ಪುಟ ಕಟ್ಟುವವರು ಎರಡು ಮೂರು ಕಾಲಂ ಬೇಕೆಂದಾಗ ಅಂಕಿಅಂಶಕ್ಕೆಂದು ಇದ್ದ ಕೋಷ್ಟಕವನ್ನೇ ಪುಟದ ಅಸ್ಥಿಪಂಜರ ಮಾಡಿಕೊಂಡರು. ಅನಂತರ, ಚಿತ್ರದ ಪಕ್ಕ ಬರಹ ಹರಿಯಲೆಂದು ಇದ್ದ 'ಫ್ಲೋಟ್' ಎಂಬ ನಿಯಮವನ್ನು ಕಾಲಂ ನಿಲ್ಲಿಸಲು ಬಳಸಿದರು. ಎರಡೂ ಒಂದಕ್ಕೆಂದು ಮಾಡಿದ್ದನ್ನು ಇನ್ನೊಂದಕ್ಕೆ ದುಡಿಸಿಕೊಂಡ ಉಪಾಯಗಳೇ. ಪಕ್ಕಪಕ್ಕದ ಎರಡು ಕಾಲಂಗಳ ಎತ್ತರ ಸಮ ಮಾಡುವುದು, ಒಂದು ಪೆಟ್ಟಿಗೆಯ ನಟ್ಟನಡುವೆ ಅಕ್ಷರ ನಿಲ್ಲಿಸುವುದು ಇಂಥ ಸರಳ ಕೆಲಸಗಳಿಗೂ ಸರ್ಕಸ್ಸು ಮಾಡಬೇಕಿತ್ತು.

2007ರಲ್ಲಿ ಐಫೋನ್ ಬಂದ ಮೇಲೆ ಈ ಉಪಾಯಗಳ ಬಂಡವಾಳ ಬಯಲಾಯಿತು. ದೊಡ್ಡ ಪರದೆಗೊಂದು ತಾಣ, ಫೋನಿಗೊಂದು ತಾಣ ಎಂದು ಎರಡೆರಡು ಸಂಸಾರ ನಡೆಸಿದವರೂ ಇದ್ದರು. 2010ರ ಮೇ ತಿಂಗಳಲ್ಲಿ ಅಮೆರಿಕದ ಈಥನ್ ಮಾರ್ಕಾಟ್ ಒಂದು ಲೇಖನ ಬರೆದು, ಪುಟ ಒಂದೇ ಇರಲಿ, ಪರದೆಯ ಅಗಲ ತಿಳಿದು ಅದೇ ಹೊಂದಿಕೊಳ್ಳಲಿ ಎಂದರು. 'ರೆಸ್ಪಾನ್ಸಿವ್' ಎಂಬ ಹೆಸರು ಅಲ್ಲಿಂದ ನಿಂತಿತು. ಸ್ಪಂದಿಸುವ ಪುಟ ಎನ್ನಬಹುದು.

ಬಾಗುವ ಬಾಕ್ಸು

ಈ ಸ್ಪಂದನೆಗೆ ತಕ್ಕ ಉಪಕರಣ ಒದಗಿಸಿದ್ದು ಫ್ಲೆಕ್ಸ್‌ಬಾಕ್ಸ್. ಓದುಗರು ಇದನ್ನು ನಮ್ಮೂರ ಸರ್ಕಲ್ಲುಗಳಲ್ಲಿ ತೂಗುವ ಫ್ಲೆಕ್ಸಿನೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಆ ಫ್ಲೆಕ್ಸ್ ಒಮ್ಮೆ ಮುದ್ರಿಸಿದರೆ ಎಂಟಡಿ ಎಂದರೆ ಎಂಟಡಿಯೇ. ಈ ಫ್ಲೆಕ್ಸ್ ಹೆಸರಿಗೆ ತಕ್ಕಂತೆ ಬಾಗುತ್ತದೆ.

ಮೊಜಿಲ್ಲಾ ಸಂಸ್ಥೆ ತನ್ನ ಬ್ರೌಸರಿನ ಗುಂಡಿ, ಪಟ್ಟಿಗಳನ್ನು ಜೋಡಿಸಲು ಬಳಸುತ್ತಿದ್ದ ಕ್ರಮವೇ ಇದರ ಮೂಲ. 2009ರ ಜುಲೈನಲ್ಲಿ ಮೊದಲ ಕರಡು ಬಂತು. 2011ರಲ್ಲಿ ಅದನ್ನು ತಿದ್ದಿ ಬರೆದರು. 2012ರಲ್ಲಿ ಮತ್ತೆ ಬದಲಾಯಿಸಿ ಇಂದಿನ ರೂಪಕ್ಕೆ ತಂದರು. ಒಂದೇ ಕೆಲಸಕ್ಕೆ ಮೂರು ಕಾಲದ ಮೂರು ಬಗೆಯ ಬರವಣಿಗೆ ಚಾಲ್ತಿಗೆ ಬಂದು ಹೊಸಬರ ತಲೆ ಕೆಡಿಸಿದ್ದೂ ನಿಜ. ಮುಖ್ಯ ಬ್ರೌಸರುಗಳೆಲ್ಲ ಒಂದೇ ದಾರಿಗೆ ಬರುವ ಹೊತ್ತಿಗೆ 2015 ಆಗಿತ್ತು.

ಅದರ ತತ್ತ್ವ ಸರಳ. ಒಂದು ದೊಡ್ಡ ಪೆಟ್ಟಿಗೆ, ಅದರೊಳಗೆ ಚಿಕ್ಕ ಪೆಟ್ಟಿಗೆಗಳು. ಒಳಗಿನ ಪ್ರತಿ ಪೆಟ್ಟಿಗೆಗೂ ಮೂರು ಸಂಗತಿ ಹೇಳಬಹುದು: ನಿನ್ನ ಮೂಲ ಅಗಲ ಇಷ್ಟು, ಜಾಗ ಮಿಕ್ಕರೆ ಈ ಪಾಲಿನಲ್ಲಿ ಹಿಗ್ಗು, ಜಾಗ ಸಾಲದಿದ್ದರೆ ಈ ಪಾಲಿನಲ್ಲಿ ಕುಗ್ಗು. ಜೊತೆಗೆ, ಒಂದು ಸಾಲಿನಲ್ಲಿ ಹಿಡಿಯದಿದ್ದರೆ ಮುಂದಿನ ಸಾಲಿಗೆ ಇಳಿಯಿರಿ ಎಂದು ಎಲ್ಲಕ್ಕೂ ಒಟ್ಟಾಗಿ ಅಪ್ಪಣೆ ಕೊಡಬಹುದು.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಲೆ ತಿಳಿಸುವ ಪುಟದ ತಲೆಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ನಾಲ್ಕು ಗುಂಡಿಗಳಿವೆ ಎನ್ನಿ. ಒಂದೊಂದರ ಮೂಲ ಅಗಲ 120 ಪಿಕ್ಸೆಲ್, ಅಂದರೆ ಒಟ್ಟು 480. ಪರದೆ 960 ಇದ್ದರೆ ಅಷ್ಟೇ ಜಾಗ ಮಿಗುತ್ತದೆ. ಸಮಪಾಲು ಹಂಚಿಕೊಂಡು ನಾಲ್ಕೂ 240ಕ್ಕೆ ಹಿಗ್ಗುತ್ತವೆ. ಫೋನಿನ ಪರದೆ 360 ಇದ್ದರೆ ಕೋಲಾರ, ಮಾಲೂರು, ಮುಳಬಾಗಿಲು ಮೂರೂ ಮೊದಲ ಸಾಲಿನಲ್ಲಿ ಸರಿಯಾಗಿ ಕೂರುತ್ತವೆ. ಶ್ರೀನಿವಾಸಪುರ ಎರಡನೆಯ ಸಾಲಿಗಿಳಿದು, ಅಲ್ಲಿ ಒಂಟಿಯಾದ್ದರಿಂದ ಇಡೀ ಅಗಲವನ್ನು ತಾನೇ ಪಡೆಯುತ್ತದೆ. ಪುಟ ಕಟ್ಟಿದವನು ಯಾವ ಫೋನಿನ ಅಳತೆಯನ್ನೂ ಬರೆದಿಡಬೇಕಾಗಿಲ್ಲ.

ಗಮನಿಸಬೇಕಾದ ಇನ್ನೊಂದು ಮಾತೆಂದರೆ, ಮಿಕ್ಕ ಜಾಗವನ್ನು ಪೆಟ್ಟಿಗೆಗಳ ನಡುವೆ ಹಂಚುವ ನಿಯಮಕ್ಕೆ ಫ್ಲೆಕ್ಸ್‌ಬಾಕ್ಸಿನಲ್ಲಿ ಇರುವ ಹೆಸರು 'ಜಸ್ಟಿಫೈ ಕಂಟೆಂಟ್'. ಕಾಂಪೋಸಿಟರ್ ಸೀಸದ ತುಂಡಿಟ್ಟು ಸಾಲು ತುಂಬುತ್ತಿದ್ದ ಕೆಲಸದ ಹೆಸರೇ ಅದು. ಮೊಳೆ ಮಾಯವಾದರೂ ಮಾತು ಉಳಿದಿದೆ.

ಶ್ರೀನಿವಾಸಪುರದ ತಕರಾರು

ಇಷ್ಟಾದರೂ ಕನ್ನಡದ ಪುಟಗಳು ಮುರಿದು ಕಾಣುವುದು ನಿಂತಿಲ್ಲ. ಅದಕ್ಕೆ ಕಾರಣವೂ ಮೇಲಿನ ಉದಾಹರಣೆಯಲ್ಲೇ ಇದೆ. ಮುಂದಿನ ಸಾಲಿಗೆ ಇಳಿಯಿರಿ ಎಂಬ ಅಪ್ಪಣೆಯನ್ನು ಬರೆಯಲು ಮರೆತರೆ, ನಾಲ್ಕು ಗುಂಡಿಗಳೂ ಒಂದೇ ಸಾಲಿನಲ್ಲಿ ಕುಗ್ಗಲೆತ್ನಿಸುತ್ತವೆ. ಲೆಕ್ಕದ ಪ್ರಕಾರ ಒಂದೊಂದಕ್ಕೆ 90 ಬರಬೇಕು. ಆದರೆ ಫ್ಲೆಕ್ಸ್‌ಬಾಕ್ಸಿನಲ್ಲಿ ಒಂದು ಕಟ್ಟುಪಾಡಿದೆ. ಬೇರೆ ಹೇಳದ ಹೊರತು ಯಾವ ಪೆಟ್ಟಿಗೆಯೂ ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗುವುದಿಲ್ಲ. ಶ್ರೀನಿವಾಸಪುರ ಎಂಬ ಪದಕ್ಕೆ 110 ಬೇಕಾದರೆ ಅದು 110ಕ್ಕೇ ನಿಲ್ಲುತ್ತದೆ. ಉಳಿದ ಮೂರು 83ರಷ್ಟಕ್ಕೆ ಇಕ್ಕಟ್ಟಾಗುತ್ತವೆ. ಅಂಥ ಉದ್ದದ ಪದಗಳು ಇನ್ನೆರಡು ಇದ್ದರೆ ಪುಟವೇ ಪರದೆಯ ಆಚೆ ಚಾಚುತ್ತದೆ. ಮಾರುಕಟ್ಟೆಯ ಅಂಗಳದಲ್ಲಿ ಕೊನೆಯ ಕಾಲಂ ಕಾಣೆಯಾದಂತೆ ಇಲ್ಲೂ ಏನೋ ಒಂದು ಕಾಣೆಯಾಗುತ್ತದೆ.

ಇಂಗ್ಲಿಷಿನಲ್ಲಿ ಪುಟ ಸಿದ್ಧಮಾಡಿ ಪರೀಕ್ಷಿಸಿ, ಕೊನೆಯ ಗಳಿಗೆಯಲ್ಲಿ ಕನ್ನಡ ತುಂಬುವವರಿಗೆ ಇದು ಹೊಳೆಯುವುದಿಲ್ಲ. ಡಿ.ಸಿ. ಆಫೀಸು ಎಂದು ಇದ್ದ ಕಡೆ 'ಜಿಲ್ಲಾಧಿಕಾರಿಗಳ ಕಚೇರಿ' ಬರುತ್ತದೆ. ಸಂಧಿ ಸಮಾಸಗಳಲ್ಲಿ ಬೆಸೆದ 'ಮೂಲಸೌಕರ್ಯಾಭಿವೃದ್ಧಿ'ಯಂಥ ಪದ ಎಲ್ಲಿ ಮುರಿಯಬೇಕೆಂದು ಬ್ರೌಸರಿಗೆ ತಾನಾಗಿ ತಿಳಿಯದು. ಅದಕ್ಕೆ ಗೊತ್ತಿರುವುದು ಪದಗಳ ನಡುವಿನ ತೆರಪು ಮಾತ್ರ. ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಗುಂಡಿಯ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿದಿದ್ದರೆ 'ಸ್ತ್ರೀ' ಎಂಬುದರ ಕಾಲು ಕತ್ತರಿಸಿ ಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಎತ್ತರವನ್ನು ಬಿಗಿಯದೆ ಬಿಡುವುದು, ಸಾಲಿಗಿಳಿಯುವ ಅಪ್ಪಣೆಯನ್ನು ಮರೆಯದಿರುವುದು, ತೀರಾ ಇಕ್ಕಟ್ಟಾದಲ್ಲಿ ಯಾವ ಅಕ್ಷರದ ಬಳಿಯಾದರೂ ಪದ ಮುರಿಯಬಹುದೆಂದು ಒಂದು ಸಾಲಿನ ಸಮ್ಮತಿ ಬರೆಯುವುದು. ಈ ಕೊನೆಯದು ವೀರಗಲ್ಲಿನ ಕಲ್ಲುಕುಟಿಗ ಮಾಡುತ್ತಿದ್ದ ಕೆಲಸವೇ. ಅಂಚು ಬಂದಾಗ ಆತ ಅಕ್ಷರದ ಬಳಿ ಮುರಿದು ಕೆಳಗಿಳಿಯುತ್ತಿದ್ದ.

ಬೆಲೆಯ ಪಟ್ಟಿಯಂಥ ಕೋಷ್ಟಕಗಳಿಗೆ ಮಾತ್ರ ಇದಿಷ್ಟೇ ಸಾಲದು. ದೊಡ್ಡ ಪರದೆಯಲ್ಲಿ ಅಡ್ಡಸಾಲಾಗಿರುವುದನ್ನು ಚಿಕ್ಕ ಪರದೆಯಲ್ಲಿ ಒಂದೊಂದು ಚೀಟಿಯಂತೆ ಮಾಡಿ, ಸರಕಿನ ಹೆಸರಿನ ಕೆಳಗೆ ಕನಿಷ್ಠ, ಗರಿಷ್ಠ, ಹೆಚ್ಚು ನಡೆದ ಬೆಲೆ ಎಂದು ಒಂದರ ಕೆಳಗೊಂದು ಬರುವಂತೆ ಜೋಡಿಸಬೇಕು. ಅದನ್ನೂ ಫ್ಲೆಕ್ಸ್‌ಬಾಕ್ಸ್ ಮಾಡಿಕೊಡುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಪೆಟ್ಟಿಗೆಗಳ ಕ್ರಮವನ್ನು ಕಣ್ಣಿಗೆ ಮಾತ್ರ ಹಿಂದುಮುಂದು ಮಾಡಿ ತೋರಿಸುವ ಸೌಲಭ್ಯವೂ ಇದರಲ್ಲಿದೆ. ಪುಟವನ್ನು ಓದಿಸಿಕೊಂಡು ಕೇಳುವ ದೃಷ್ಟಿಹೀನರಿಗೆ ಕೇಳಿಸುವುದು ಮೂಲದ ಕ್ರಮ. ಆದ್ದರಿಂದ ಮೂಲದಲ್ಲೇ ಕ್ರಮ ಸರಿಯಿರಬೇಕು.

ಯಾರ ಪರದೆಗೆ ಪುಟ?

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಅಂತರಜಾಲ ಅಗ್ಗವಾಯಿತು. ಮರುವರ್ಷ ಬಂದ ಜಿಯೋಫೋನಿನ ಪರದೆ 2.4 ಅಂಗುಲ ಮಾತ್ರ. ಅದರಲ್ಲೂ ವೆಬ್ ಪುಟ ತೆರೆಯುತ್ತಿತ್ತು. ಪಹಣಿ, ಪಿಂಚಣಿ, ಪರೀಕ್ಷೆಯ ಫಲಿತಾಂಶ, ಶ್ರೀನಿವಾಸಪುರದ ಮಾವಿನ ದರ ಎಲ್ಲವೂ ಪರದೆಗೆ ಬಂದಿರುವ ಕಾಲದಲ್ಲಿ ಪುಟ ಹೊಂದುವುದು ಬಿಡುವುದು ಅಂದಚಂದದ ಮಾತಷ್ಟೇ ಅಲ್ಲ. ಪಹಣಿಯಂಥ ಅಗಲ ಹಾಳೆಯ ಕಾಗದವನ್ನು ಹಾಗೆಯೇ ಫೋನಿಗೆ ತುರುಕಿದರೆ, ಕಾಣದೆ ಹೋದ ಕಾಲಂನಲ್ಲೇ ಜಮೀನಿನ ಋಣದ ವಿವರ ಇರಬಹುದು. ಕಣ್ಣು ಮಂಜಾದ ಅಜ್ಜಿ ಅಕ್ಷರ ದೊಡ್ಡದು ಮಾಡಿಕೊಂಡ ಕೂಡಲೇ ಗುಂಡಿ ಪರದೆಯಾಚೆ ಓಡಿದರೆ, ಅವರು ಮತ್ತೆ ಸೈಬರ್ ಅಂಗಡಿಯವನಿಗೆ ದುಡ್ಡು ತೆತ್ತು ಅರ್ಜಿ ಹಾಕಿಸಬೇಕು.

ಅಂದು ಮಾರುಕಟ್ಟೆಯಲ್ಲಿ ಆ ರೈತರ ಮೊಬೈಲನ್ನು ಪಕ್ಕಕ್ಕೆ ಎಳೆದು ಕೊನೆಯ ಕಾಲಂ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ತಮಗೆ ಬಂದ ಬೆಲೆ ಅಂದಿನ ಬೆಲೆಗೆ ಹತ್ತಿರದ್ದೇ ಎಂದು ತಿಳಿಯಿತು. ಜಗಳ ತಪ್ಪಿತು. ಆದರೆ ಹೊರಡುವ ಮುನ್ನ ಅವರು ಕೇಳಿದ ಮಾತು ನ್ಯಾಯವಾದದ್ದು: 'ಇದನ್ನ ಇಲ್ಲೇ ಮುಂದೆ ಹಾಕೋಕೆ ಏನಪ್ಪ ಕಷ್ಟ?'

ಕಷ್ಟವೇನೂ ಇಲ್ಲ. ಅದಕ್ಕೆ ಬೇಕಾದ ಉಪಕರಣ 2015ರಿಂದಲೂ ಪ್ರತಿಯೊಂದು ಬ್ರೌಸರಿನಲ್ಲಿ ಬಿಟ್ಟಿಯಾಗಿ ಬಿದ್ದಿದೆ. ಪುಟ ಕಟ್ಟುವ ಮೊದಲು ಅದನ್ನು ಓದುವವರ ಕೈಯಲ್ಲಿ ಯಾವ ಫೋನಿದೆ ಎಂದು ಒಮ್ಮೆ ನೋಡಿದರೆ ಸಾಕು.